‘ಇಬ್ಬರೂ ಹೊರಗ ಬಿದ್ರ ಕಪ್ ನಂದೇ’: ಒಂದು ಆಪ್ತಸಲಹೆ ಪ್ರಕರಣ

ಶರಣು ಕಲಬುರಗಿಯ ಹುಡುಗ. 17 ವರ್ಷ, ಪಿಯುಸಿ ಎರಡನೇ ವರ್ಷ, ವಿಜ್ಞಾನ ವಿಭಾಗ. ಅಪ್ಪನದು ಗಂಜ್ ಮಾರುಕಟ್ಟೆಯಲ್ಲಿ ವ್ಯಾಪಾರ. ಹೆಸರುಗಳನ್ನೂ ಮನೆತನದ ಗುರುತುಗಳನ್ನೂ ಇಲ್ಲಿ ಬದಲಿಸಲಾಗಿದೆ. ಹುಡುಗ ಚಿಕ್ಕಂದಿನಿಂದ ಕಾರ್ಟ್ (ಮೇಲೆ ಮುಚ್ಚಿಲ್ಲದ ಪುಟ್ಟ ರೇಸ್ ಗಾಡಿ) ರೇಸಿನಲ್ಲಿದ್ದಾನೆ, ಈಗ ಓಡಿಸುವುದು 125 ಸಿಸಿ ಟೂ-ಸ್ಟ್ರೋಕ್ ಎಂಜಿನ್ನಿನ ವರ್ಗದಲ್ಲಿ. ಅಭ್ಯಾಸಕ್ಕೆ ಹೈದರಾಬಾದಿಗೆ ಹೋಗುತ್ತಾನೆ.

ನಮ್ಮಲ್ಲಿಗೆ ಆಪ್ತಸಲಹೆಗೆ ಕರೆತಂದವರು ತಾಯಿ. ರಾತ್ರಿ ಎರಡಾದರೂ ನಿದ್ದೆಯಿಲ್ಲ, ತಲೆನೋವು, ಪುಸ್ತಕ ಮುಟ್ಟುವುದಿಲ್ಲ ಎಂದು ಮಗನ ಎದುರಿಗೇ ಹೇಳಿದರು. ಮುಖ್ಯವಾದದ್ದನ್ನು ಅವನನ್ನು ಹೊರಗೆ ಕೂರಿಸಿ ಹೇಳಿದರು: ‘ಮೊನ್ನಿ ಊಟಕ್ಕ ಕುಂತಾಗ ಅಂದಾನ್ರಿ, ಇಬ್ಬರೂ ಹೊರಗ ಬಿದ್ರ ಕಪ್ ನಂದೇ ಅಂತ. ಅವರಪ್ಪ ನಕ್ಕರ್ರಿ. ನನಗ ನಗು ಬರಲಿಲ್ಲ.’

ಲೆಕ್ಕ ನಿಜವೇ ಇತ್ತು. ಐದು ಸುತ್ತಿನ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಮುಗಿದಿದ್ದವು. ಶರಣು ನಾಲ್ಕು ಅಂಕ ಮುಂದೆ. ಎರಡನೆಯವನು ಬೀದರಿನ ಸಂತೋಷ. ಕೊನೆಯ ಸುತ್ತಿನಲ್ಲಿ ಇಬ್ಬರೂ ಡಿಕ್ಕಿಯಾಗಿ ರೇಸಿನಿಂದ ಹೊರಬಿದ್ದರೆ ಕಪ್ ಶರಣುವಿಗೇ. ಸಂತೋಷ ಇವನಿಗಿಂತ ದೊಡ್ಡವನು, ಇಬ್ಬರಿಗೂ ಒಬ್ಬನೇ ಕೋಚ್. ಕಳೆದ ವರ್ಷದವರೆಗೆ ಎರಡೂ ಮನೆಯ ಗಾಡಿಗಳು ಜಹೀರಾಬಾದಿನಲ್ಲಿ ಕೂಡಿ, ಚಹಾ ಕುಡಿದು, ಒಟ್ಟಿಗೆ ಮುಂದೆ ಹೋಗುತ್ತಿದ್ದವು. ನಾಲ್ಕನೇ ಸುತ್ತಿನ ಕೊನೆಯ ಹೊತ್ತಿಗೆ ಬಿಗಿ ತಿರುವೊಂದರಲ್ಲಿ ಸಂತೋಷ ಒಳಗಿನಿಂದ ನುಗ್ಗಿದ, ತಾಗಿತು, ಇಬ್ಬರೂ ಗಿರಕಿ ಹೊಡೆದರು. ರೇಸಿನ ತೀರ್ಪುಗಾರರಾದ ಸ್ಟೂವರ್ಡ್‌ಗಳು ಯಾರಿಗೂ ದಂಡ ಹಾಕಲಿಲ್ಲ. ಶರಣು ಅಂದೇ ಸಂತೋಷನ ನಂಬರ್ ಬ್ಲಾಕ್ ಮಾಡಿದ. ಮನೆಯವರು ಮೊಬೈಲಿನಲ್ಲಿ ತೆಗೆದ ಕೆಲವೇ ಸೆಕೆಂಡಿನ ವಿಡಿಯೋ ಅವನ ಕೈಯಲ್ಲಿ ಉಳಿಯಿತು, ರಾತ್ರಿಯಿಡೀ ಅದೇ.

ಮಾತಿಗೆ ಮೊದಲು ಅವನನ್ನು ವೈದ್ಯರ ಬಳಿ ಕಳಿಸಿದೆವು. ಡಿಕ್ಕಿಯ ನಂತರ ತಲೆನೋವು, ಸಿಡುಕು, ನಿದ್ದೆಗೇಡು ಬಂದರೆ ಅದನ್ನು ಮನಸ್ಸಿನ ಖಾತೆಗೆ ಬರೆಯುವ ಅವಸರ ಬೇಡ. ಮಿದುಳು ಅಲುಗಿದಾಗಲೂ ಇದೇ ಲಕ್ಷಣಗಳು ಕಾಣಿಸುತ್ತವೆ. ಹೆಲ್ಮೆಟ್ ಎಲ್ಲಿಗೂ ಬಡಿಯದಿದ್ದರೂ ತಲೆ ಜೋರಾಗಿ ಕುಲುಕಿದರೆ ಸಾಕು. ಬೆಳಕು ಕುಕ್ಕುತ್ತದೆಯೇ, ಓದುವಾಗ ಸಾಲು ತಪ್ಪುತ್ತದೆಯೇ, ಡಿಕ್ಕಿಯ ಆಸುಪಾಸಿನ ನೆನಪು ಮಸುಕೇ ಎಂದು ಕೇಳಬೇಕು. ಹೌದು ಎಂದಾದರೆ ಒಂದೆರಡು ದಿನ ವಿಶ್ರಾಂತಿ, ಆಮೇಲೆ ಹಂತಹಂತವಾಗಿ, ಒಂದೊಂದು ಹಂತಕ್ಕೆ ಕನಿಷ್ಠ 24 ಗಂಟೆ ಕೊಟ್ಟು, ವೈದ್ಯರು ಒಪ್ಪಿದ ಮೇಲಷ್ಟೇ ಸೀಟಿಗೆ ವಾಪಸು. ಶರಣುವಿಗೆ ಅಂಥದ್ದೇನೂ ಇಲ್ಲವೆಂದು ವೈದ್ಯರು ಬರೆದುಕೊಟ್ಟರು.

ಗುಟ್ಟಿನ ವಿಷಯವನ್ನು ಮೊದಲ ದಿನವೇ ಬಿಡಿಸಿ ಹೇಳಿದೆವು. ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ. ಆದರೆ ತನಗಾಗಲಿ ಇನ್ನೊಬ್ಬರಿಗಾಗಲಿ ಪೆಟ್ಟು ಮಾಡುವ ಉದ್ದೇಶ ಗಟ್ಟಿಯಾಗಿ ಕಂಡರೆ ಮನೆಯವರಿಗೆ, ಬೇಕಾದರೆ ಕೋಚ್‌ಗೆ ತಿಳಿಸುತ್ತೇವೆ, ಅದೂ ನಿನಗೆ ಹೇಳಿಯೇ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: ‘ಹಂಗಾರ ಊಟಕ್ಕ ಕುಂತಾಗ ಅಂದದ್ದು ಗೊತ್ತಾಗೇದೇನ್ರಿ ನಿಮಗ?’ ಗೊತ್ತಾಗಿದೆ ಎಂದೆವು. ಅಲ್ಲಿಂದ ಮಾತು ಸಲೀಸಾಯಿತು.

‘ಅವ ಬೇಕಂತಲೇ ಹೊಡದಾನ್ರಿ’ ಎಂಬುದು ಅವನ ತೀರ್ಪು. ಅದನ್ನು ಅಲ್ಲಗಳೆಯುವುದು ನಮ್ಮ ಕೆಲಸವಲ್ಲ, ಒಪ್ಪುವುದೂ ಅಲ್ಲ. ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ನಿಲ್ಲಿಸಿ, ಮೆಕ್ಯಾನಿಕ್ ಒಬ್ಬ ವರದಿ ಬರೆಯುವ ಹಾಗೆ ಹೇಳು ಎಂದೆವು. ‘ಸೊಕ್ಕು’, ‘ಮೋಸ’ ಎಂಬ ಪದಗಳಿಗೆ ಅದರಲ್ಲಿ ಜಾಗವಿಲ್ಲ, ಗಾಲಿ, ಬ್ರೇಕ್, ಸ್ಟೀರಿಂಗ್‌ಗೆ ಮಾತ್ರ. ತಾಂತ್ರಿಕವಾಗಿ ಪಳಗಿದ ಮಕ್ಕಳಿಗೆ ಈ ದಾರಿ ಚೆನ್ನಾಗಿ ಹತ್ತುತ್ತದೆ. ಭಾವನೆಯ ಬಗ್ಗೆ ಕೇಳಿದರೆ ಮುಚ್ಚಿಕೊಳ್ಳುವವರು ಬ್ರೇಕಿನ ಬಗ್ಗೆ ಕೇಳಿದರೆ ಅರ್ಧ ಗಂಟೆ ಮಾತಾಡುತ್ತಾರೆ.

ಅವನೇ ಹೇಳಿಕೊಂಡು ಹೋದ. ಈ ವರ್ಗದ ಕಾರ್ಟಿಗೆ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ. ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಹಿಂದಿನ ಎರಡು ಗಾಲಿಯೂ ಒಂದೇ ಆಕ್ಸಲ್‌ಗೆ ಕಟ್ಟಿಬಿದ್ದಿವೆ, ಲಾಕ್ ಆದರೆ ಎರಡೂ ಒಟ್ಟಿಗೆ ಲಾಕ್. ಸಂತೋಷ ಬಂದದ್ದು ಎಲ್ಲರೂ ಓಡಿಸುವ ದಾರಿ ಬಿಟ್ಟು ಒಳಗಿನಿಂದ. ಅಲ್ಲಿ ಟೈರಿನ ರಬ್ಬರ್ ಚೂರು, ಧೂಳು ಬಿದ್ದಿರುತ್ತದೆ, ಹಿಡಿತ ಕಡಿಮೆ. ತಡವಾಗಿ ಬ್ರೇಕ್ ತುಳಿದರೆ ಹಿಂಭಾಗ ಜಾರಿ ಕಾರ್ಟ್ ನೆಟ್ಟಗೆ ಮುಂದಕ್ಕೆ ಹೋಗುತ್ತದೆ. ವಿಡಿಯೋದಲ್ಲಿ ತಾಗುವ ಮೊದಲೇ ಸಂತೋಷನ ಹಿಂದಿನ ಗಾಲಿ ತಿರುಗುವುದು ನಿಂತಿತ್ತು, ಮುಂದಿನ ಗಾಲಿಗಳು ಹೊರಳಿದ್ದದ್ದು ಶರಣುವಿನಿಂದ ದೂರಕ್ಕೆ. ಬೇಕಂತಲೇ ಹೊಡೆಯುವವನು ಸ್ಟೀರಿಂಗನ್ನು ಆ ಕಡೆ ತಿರುಗಿಸುವುದಿಲ್ಲ. ಇದನ್ನು ನಾವು ಹೇಳಲಿಲ್ಲ. ಅವನೇ ಕಂಡುಕೊಂಡು, ಕಂಡದ್ದಕ್ಕೆ ಸಿಟ್ಟಾಗಿ, ‘ಆದ್ರೂ ಲೇಟ್ ಬ್ರೇಕ್ ಹಾಕಿದ್ದು ತಪ್ಪೇ ಅಲ್ರೀ?’ ಎಂದ. ತಪ್ಪೇ. ಅಂದಾಜು ತಪ್ಪಿದ್ದು ಒಂದು, ಕೆಡಿಸಬೇಕೆಂದು ಹೊಡೆದದ್ದು ಇನ್ನೊಂದು. ಎರಡಕ್ಕೂ ನಿಯಮದಲ್ಲೂ ಬೇರೆ ಬೇರೆ ತೂಕವಿದೆ.

ವಿಡಿಯೋ ಅಳಿಸಿಬಿಡು ಎಂದು ತಾಯಿ ಹಟ ಹಿಡಿದಿದ್ದರು. ನಾವು ಬೇಡವೆಂದೆವು. ಅಳಿಸಿದರೆ ಯಾವುದಾದರೂ ಗ್ರೂಪಿನಿಂದ ಮತ್ತೆ ಬರುತ್ತದೆ, ಬಾರದಿದ್ದರೆ ತಲೆಯೊಳಗೇ ಓಡುತ್ತದೆ. ಸಂಜೆ ಆರಕ್ಕೆ, ಮೇಜಿನ ಮುಂದೆ ಕೂತು, ಹತ್ತು ನಿಮಿಷ, ಕೈಯಲ್ಲಿ ಪೆನ್ನು ಹಿಡಿದು ನೋಡಬೇಕು. ಹಾಸಿಗೆಯಲ್ಲಿ ನೋಡುವಂತಿಲ್ಲ. ರಾತ್ರಿ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗೆ.

ಇನ್ನು ಅವನ ದೇವರು. ಗೋಡೆಯ ಮೇಲೆ ಫಾರ್ಮುಲಾ ಒನ್ ಕಾರ್ ರೇಸಿನ ಚಾಂಪಿಯನ್ ಅಯರ್ಟನ್ ಸೆನ್ನಾ. ‘ಸೆನ್ನಾ ಮಾಡಿಲ್ಲೇನ್ರಿ? 1990ರಾಗ ಪ್ರಾಸ್ಟ್‌ಗ ಗುದ್ದಿ ಚಾಂಪಿಯನ್ ಆದ.’ ಹುಡುಗ ಇತಿಹಾಸ ಬಲ್ಲವನು, ಹಾಗಾಗಿ ಇತಿಹಾಸವನ್ನೇ ಪೂರ್ತಿ ತೆರೆದೆವು. 1989ರಲ್ಲಿ ಜಪಾನಿನ ಸುಜುಕಾದಲ್ಲಿ ಒಂದೇ ಮೆಕ್‌ಲಾರೆನ್ ತಂಡದ ಸೆನ್ನಾ, ಪ್ರಾಸ್ಟ್ ಇಬ್ಬರೂ ಡಿಕ್ಕಿಯಾದರು, ಮತ್ತೆ ಓಡಿ ಮೊದಲು ಗುರಿ ಮುಟ್ಟಿದ ಸೆನ್ನಾ ಅನರ್ಹನಾದ, ಪ್ರಾಸ್ಟ್ ಚಾಂಪಿಯನ್. ಮರುವರ್ಷ ಅದೇ ಸುಜುಕಾ. ಈ ಸಲ ಸೆನ್ನಾ ಅಂಕದಲ್ಲಿ ಮುಂದೆ, ಇಬ್ಬರೂ ಹೊರಬಿದ್ದರೆ ಅವನಿಗೇ ಲಾಭ. ಅವನು ಗಳಿಸಿದ್ದ ಪೋಲ್ ಸ್ಥಾನ, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಹೊರಡುವ ಜಾಗ, ಟ್ರ್ಯಾಕಿನ ಧೂಳಿನ ಬದಿಗಿದ್ದದ್ದು ಬದಲಾಗಲಿಲ್ಲವೆಂಬ ಸಿಟ್ಟು ಬೇರೆ. ಮೊದಲ ತಿರುವಿನಲ್ಲಿ ವೇಗ ತಗ್ಗಿಸಲು ಕಾಲೆತ್ತಲಿಲ್ಲ, ಇಬ್ಬರೂ ಹೊರಗೆ. ಮರುವರ್ಷ ಅದು ಉದ್ದೇಶಪೂರ್ವಕವೆಂದು ಅವನೇ ಒಪ್ಪಿಕೊಂಡ.

ಶರಣುವಿಗೆ ಕೇಳಿದ್ದು ಇಷ್ಟೇ: ಸೆನ್ನಾ ಅದನ್ನು ತೀರ್ಮಾನಿಸಿದ್ದು ಯಾವಾಗ? ತಿರುವಿನಲ್ಲೇ? ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಕಣ್ಣು ಕಂಡು ಕಾಲು ಅಲುಗುವ ಕಾಲು ಸೆಕೆಂಡಿನಲ್ಲಿ ಕಾರ್ಟ್ ತನ್ನ ಉದ್ದದ ಮೂರು ಪಟ್ಟಿಗಿಂತ ಮುಂದೆ ಹೋಗಿರುತ್ತದೆ. ಅಲ್ಲಿ ಯಾರೂ ಯೋಚಿಸುವುದಿಲ್ಲ, ಮೊದಲೇ ತಲೆಯಲ್ಲಿ ತುಂಬಿಕೊಂಡದ್ದು ಕೈಕಾಲಿನಿಂದ ಹೊರಬರುತ್ತದೆ. ಸೆನ್ನಾ ಗ್ರಿಡ್‌ಗೆ (ರೇಸ್ ಹೊರಡುವ ಸಾಲಿಗೆ) ಬರುವ ಮೊದಲೇ ತೀರ್ಮಾನಿಸಿಯಾಗಿತ್ತು. ನೀನು ಊಟದ ತಟ್ಟೆಯ ಮುಂದೆ ಏನು ಮಾಡುತ್ತಿದ್ದೆ?

ಉತ್ತರ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಎದುರು ಉದಾಹರಣೆಗಳನ್ನು ಕೊಡುವಾಗ ಎಚ್ಚರ ಬೇಕು. ಒಳ್ಳೆಯವನು ಗೆದ್ದ, ಕೆಟ್ಟವನು ಸೋತ ಎಂಬ ಕಥೆಯನ್ನು 17ರ ಹುಡುಗ ನಂಬುವುದಿಲ್ಲ, ನಂಬಬಾರದು ಕೂಡ. 1997ರಲ್ಲಿ ಸ್ಪೇನಿನ ಹೆರೆಜ್‌ನಲ್ಲಿ ಶೂಮಾಕರ್ ಪ್ರತಿಸ್ಪರ್ಧಿ ವಿಲ್‌ನವ್ ಮೇಲೆ ಕಾರು ತಿರುಗಿಸಿದ, ತಾನೇ ಜಲ್ಲಿಯಲ್ಲಿ ಸಿಕ್ಕಿಬಿದ್ದ, ಇಡೀ ವರ್ಷದ ಎರಡನೇ ಸ್ಥಾನವನ್ನೂ ಕಳೆದುಕೊಂಡ. ಅದು ಅನುಕೂಲದ ಕಥೆ. ಅನಾನುಕೂಲದ್ದನ್ನೂ ಹೇಳಬೇಕು. 1958ರ ಪೋರ್ಚುಗಲ್ ರೇಸಿನಲ್ಲಿ ಮೈಕ್ ಹಾಥಾರ್ನ್‌ನನ್ನು ಅನರ್ಹಗೊಳಿಸಲು ಹೊರಟಾಗ ಸ್ಟರ್ಲಿಂಗ್ ಮಾಸ್ ತಾನೇ ಹೋಗಿ ಪ್ರತಿಸ್ಪರ್ಧಿಯ ಪರ ಸಾಕ್ಷಿ ನುಡಿದ. ಅಂಕಗಳು ಹಾಥಾರ್ನ್‌ಗೆ ಉಳಿದವು. ಆ ವರ್ಷ ನಾಲ್ಕು ರೇಸ್ ಗೆದ್ದಿದ್ದ ಮಾಸ್, ಒಂದೇ ಒಂದು ಗೆದ್ದಿದ್ದ ಹಾಥಾರ್ನ್‌ಗೆ 42–41ರಿಂದ ಸೋತ. ಮುಂದೆಂದೂ ಚಾಂಪಿಯನ್ ಆಗಲಿಲ್ಲ.

‘ಹಂಗಾರ ಲುಕ್ಸಾನೇ ಆತಲ್ರೀ!’ ಹೌದು, ಲುಕ್ಸಾನೇ. ಅದನ್ನು ಮುಚ್ಚಿಟ್ಟು ಸಲಹೆ ಕೊಟ್ಟರೆ ಮೊದಲ ಸೋಲಿಗೇ ಸಲಹೆ ಗಾಳಿಗೆ ಹೋಗುತ್ತದೆ.

ಇನ್ನೊಂದು ಅಪಾಯವನ್ನು ನೇರವಾಗಿ ಹೇಳಿದೆವು. ಟಿವಿಯಲ್ಲಿ ನೋಡುವ ಫಾರ್ಮುಲಾ ಒನ್ ಕಾರಿಗೆ 2018ರಿಂದ ಹ್ಯಾಲೊ, ಅಂದರೆ ಚಾಲಕನ ತಲೆ ಕಾಯುವ ಲೋಹದ ಕಮಾನು, ಇದೆ. 2021ರಲ್ಲಿ ಇಟಲಿಯ ಮೊನ್ಜಾದಲ್ಲಿ ವರ್ಸ್ಟಾಪನ್‌ನ ಕಾರು ಹ್ಯಾಮಿಲ್ಟನ್‌ನ ತಲೆಯ ಮೇಲೇರಿದಾಗ ತಡೆದದ್ದು ಅದೇ. ಕಾರ್ಟಿಗೆ ಹ್ಯಾಲೊ ಇಲ್ಲ, ಸೀಟ್ ಬೆಲ್ಟೂ ಇಲ್ಲ. ಮುಂದಿನ ಗಾಲಿ ಇನ್ನೊಬ್ಬನ ಹಿಂದಿನ ಗಾಲಿಯ ಮೇಲೆ ಹತ್ತಿದರೆ ಕಾರ್ಟ್ ಮಗುಚಿ ಚಾಲಕ ಹೊರಗೆ ಎಸೆಯಲ್ಪಡಬಹುದು. ‘ಸಣ್ಣಗೆ ತಾಗಿಸುವುದು’ ಎಂಬುದು ಯಾರ ಕೈಯಲ್ಲೂ ಇಲ್ಲ.

ಕೆಡುಕಿನ ತೀರ್ಮಾನ ಮನೆಯಲ್ಲೇ ತಯಾರಾಗುವುದಾದರೆ ಒಳ್ಳೆಯದೂ ಅಲ್ಲೇ ತಯಾರಾಗಲಿ ಎಂದು ‘ಹಿಂಗಾದ್ರ ಹಿಂಗ’ ಎಂಬ ಚೀಟಿ ಬರೆಸಿದೆವು, ಅವನದೇ ಮಾತಿನಲ್ಲಿ. ತಿರುವಿಗೆ ಮೊದಲೇ ಅವನ ಮುಂದಿನ ಗಾಲಿ ನನ್ನ ಸೀಟಿನ ಸಮಕ್ಕ ಬಂದ್ರ ಒಂದು ಕಾರ್ಟಿನಷ್ಟು ಜಾಗ ಬಿಡ್ತೀನಿ. ಬರದಿದ್ರ ನನ್ನ ದಾರಿ ನಂದು, ಅಡ್ಡ ಬರೋದು ಒಂದೇ ಸಲ, ಎಡಕ್ಕೂ ಬಲಕ್ಕೂ ಹಾವಿನಂಗ ಹೊಳ್ಳಂಗಿಲ್ಲ. ನಂದೇ ತಪ್ಪಿಲೆ ತಾಗಿ ಜಾಗ ಸಿಕ್ರ ಮುಂದಿನ ನೇರ ದಾರ್ಯಾಗ ವಾಪಸ್ ಕೊಡ್ತೀನಿ. ಅವನೇ ತಾಗಿಸಿದ್ರ ಒಂದು ಲ್ಯಾಪ್ ಪೂರ್ತಿ ಹೆಲ್ಮೆಟ್ಟಿನೊಳಗ ಜೋರಾಗಿ ಎಲ್ಲಿ ಬ್ರೇಕ್ ಹಾಕಬೇಕನ್ನೋ ಗುರುತು ಹೇಳ್ಕೋತ ಓಡಸ್ತೀನಿ.

ನಾಲ್ಕನೆಯದೇ ಎಲ್ಲಕ್ಕಿಂತ ಮುಖ್ಯ. ಸೇಡಿನ ಡಿಕ್ಕಿಗೆ ಹೆಚ್ಚು ಅಪಾಯದ ಹೊತ್ತು ಮೊದಲ ಡಿಕ್ಕಿಯ ನಂತರದ ಒಂದು ಲ್ಯಾಪ್. ಬಾಯಿಗೆ ಕೆಲಸ ಕೊಟ್ಟರೆ ತಲೆಗೆ ಸೇಡು ಹೂಡಲು ಪುರುಸೊತ್ತು ಇರುವುದಿಲ್ಲ. ಚೀಟಿ ಬರೆದರೆ ಸಾಲದು. ಕಣ್ಣು ಮುಚ್ಚಿ, ಸ್ಟೀರಿಂಗ್ ಹಿಡಿದ ಭಂಗಿಯಲ್ಲಿ ಕೂತು, ಒಂದೊಂದು ಸಂದರ್ಭವನ್ನೂ ಮೊದಲಿಂದ ಕೊನೆವರೆಗೆ ಓಡಿಸಬೇಕು, ಸಂಜೆ ಹೊತ್ತಿಗೆ. ಮಲಗುವ ಮೊದಲು ಮಾಡಿದರೆ ನಿದ್ದೆ ಹಾರುತ್ತದೆ. ಗ್ರಿಡ್‌ನಲ್ಲಿ ನಾಲ್ಕು ಎಣಿಕೆ ಉಸಿರು ಒಳಗೆ, ಆರು ಎಣಿಕೆ ಹೊರಗೆ, ಐದು ಸಲ.

ರೇಸ್ ಮುಗಿದ ಮೇಲಿನ ಜಾಗವೊಂದನ್ನು ಎಲ್ಲರೂ ಮರೆಯುತ್ತಾರೆ: ತೂಕದ ಸಾಲು. ಚಾಲಕರೆಲ್ಲ ಹೆಲ್ಮೆಟ್ ಸಮೇತ ಕಾರ್ಟ್ ಜೊತೆ ತೂಕಕ್ಕೆ ನಿಲ್ಲುವಾಗ ಎದೆ ಇನ್ನೂ ಹೊಡೆದುಕೊಳ್ಳುತ್ತಿರುತ್ತದೆ. ಕೈ ಕೈ ಮಿಲಾಯಿಸಿ ಹೊಡೆದಾಡುವುದು ಸಾಮಾನ್ಯವಾಗಿ ಅಲ್ಲೇ. ಸಂತೋಷನಿಗೂ ನಿನಗೂ ನಡುವೆ ಎರಡು ಕಾರ್ಟ್ ಇರಲಿ, ತೂಕ ಮುಗಿಯುವ ತನಕ ಹೆಲ್ಮೆಟ್ ತೆಗೆಯಬೇಡ, ಗಾಜು ಎತ್ತಬೇಡ ಎಂದೆವು.

ಅಪ್ಪ ಮೂರು ಸಲ ಕರೆದ ಮೇಲೆ ಬಂದರು. ‘ಇಷ್ಟು ರೊಕ್ಕ ಹಾಕೀವ್ರಿ, ಸುಮ್ನ ಬಿಡಂದ್ರ ಹೆಂಗ?’ ಅವರ ಸಿಟ್ಟು ಸುಳ್ಳಲ್ಲ. ಟೈರ್, ಎಂಜಿನ್ ರಿಪೇರಿ, ಓಡಾಟ ಎಲ್ಲ ಅವರ ಬೆವರು. ಮಾತಿನ ನಡುವೆ ಅವರು ತಾವೇ ಹರೆಯದಲ್ಲಿ ಜಾತ್ರೆಯ ಕುಸ್ತಿ ಆಡಿದ್ದನ್ನು ಹೇಳಿದರು. ಕಣಕ್ಕಿಳಿದು ಎದುರಾಳಿಯ ಕೈ ಮುಟ್ಟದೆ ಜೋಡಿ ಹಿಡಿಯುತ್ತಿದ್ದಿರಾ ಎಂದು ಕೇಳಿದಾಗ, ‘ಛೇ, ಉಸ್ತಾದ್ ಕಣದಿಂದ ಹೊರಗ ಹಾಕ್ತಿದ್ರು’ ಎಂದು ತಾವೇ ನಿಂತರು. ಆಮೇಲಿನದ್ದು ಬೇಗ ಆಯಿತು. ಊಟದ ಹೊತ್ತಿಗೆ ಅಂಕದ ಲೆಕ್ಕ ಬೇಡ. ಗ್ರಿಡ್ ಹತ್ತಿರ ಒಂದೇ ಮಾತು, ಅದೂ ಎದುರಾಳಿಯ ಹೆಸರಿಲ್ಲದ್ದು. ರೇಸಿನ ನಂತರ ಅರ್ಧ ಗಂಟೆ ರೇಸಿನ ಮಾತಿಲ್ಲ, ನೀರು ಮತ್ತು ಊಟ. ಇದಕ್ಕೊಂದು ತೊಡಕಿದೆ: ತಾತ್ಕಾಲಿಕ ಫಲಿತಾಂಶ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಾಮಾನ್ಯವಾಗಿ ಸಿಗುವುದೂ 30 ನಿಮಿಷವೇ, ಬರಹದಲ್ಲಿ, ಶುಲ್ಕ ಕಟ್ಟಿ. ಆದ್ದರಿಂದ ಆ ಕೆಲಸ ತಂಡದ ಮ್ಯಾನೇಜರ್‌ಗೆ ಮೊದಲೇ ವಹಿಸಿಬಿಡಬೇಕು. ಅಪ್ಪನಾಗಲಿ ಮಗನಾಗಲಿ ಸ್ಟೂವರ್ಡ್‌ಗಳ ಕೋಣೆಯ ಬಾಗಿಲಲ್ಲಿ ನಿಲ್ಲಬಾರದು.

ಸಂತೋಷನ ಜೊತೆ ರಾಜಿ ಮಾಡಿಸುವ ಗೋಜಿಗೆ ನಾವು ಹೋಗಲಿಲ್ಲ. ದೊಡ್ಡವರು ಕೂರಿಸಿ ಕೈ ಕೊಡಿಸಿದ ರಾಜಿ ಮೊದಲ ತಿರುವಿನವರೆಗೂ ಬಾಳುವುದಿಲ್ಲ. ಕೆಲವು ದಿನ ಬಿಟ್ಟು ಶರಣು ತಾನೇ ಬ್ಲಾಕ್ ತೆಗೆದು ಬರೆದ: ‘ಅಣ್ಣಾ, ವಿಡಿಯೋ ಮತ್ತ ನೋಡ್ದೆ. ನಿನ್ನ ಹಿಂದಿನ ಗಾಲಿ ಲಾಕ್ ಆಗಿತ್ತು ಅನಸ್ತದ. ಮಾತಾಡೂದಿತ್ತು.’ ಉತ್ತರ ಕೂಡಲೇ ಬಂತು: ‘ಅವತ್ತೇ ಫೋನ್ ಹಚ್ಚಿದ್ದೆನೋ ತಮ್ಮಾ, ಹತ್ತಲಿಲ್ಲ. ಬಾ.’ ಹೋಗುವ ಮೊದಲು ಒಂದೇ ಎಚ್ಚರಿಕೆ ಕೊಟ್ಟೆವು: ದಾರಿ ಬಿಟ್ಟುಕೊಡುವ, ಫಲಿತಾಂಶ ಹಂಚಿಕೊಳ್ಳುವ ಮಾತು ಬೇಡ, ಅದೂ ಆಟ ಕೆಡಿಸುವುದೇ. ಜಿದ್ದು ಇರಲಿ. ಇಬ್ಬರೂ ಚೀಟಿಯ ಮೊದಲ ಸಾಲಿಗೆ ಮಾತ್ರ ಒಪ್ಪಿಕೊಂಡು ಬಂದರು, ಉಳಿದದ್ದಕ್ಕೆ ಜಗಳವಾಡಿದರಂತೆ. ನಮ್ಮ ಪ್ರಕಾರ ಅಷ್ಟು ಸಾಕು.

ಕೊನೆಯ ಸುತ್ತಿನ ಫಲಿತಾಂಶ ಇಲ್ಲಿ ಬರೆಯುವುದಿಲ್ಲ, ಬರೆದರೆ ಇಬ್ಬರ ಗುರುತೂ ಹತ್ತುತ್ತದೆ. ಇಬ್ಬರೂ ಗುರಿ ಮುಟ್ಟಿದರು. ನಿದ್ದೆ ಸರಿಹೋಯಿತು, ಓದು ಅರ್ಧ ಸರಿಹೋಯಿತು. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಒಂದೇ ಸಲ ಬಂದರೂ ಸಹ, ಆಪ್ತಸಲಹೆಯಲ್ಲೇ ನಿಲ್ಲದೆ ಮನೋವೈದ್ಯರ ಬಳಿ ಹೋಗಬೇಕೆಂದು ಮನೆಯವರಿಗೆ ಹೇಳಿದ್ದೆವು, ಸರಕಾರದ ಟೆಲಿ-ಮಾನಸ್ ಸಂಖ್ಯೆ 14416 ಫ್ರಿಜ್ಜಿನ ಮೇಲೆ ಅಂಟಿಸಿಯೂ ಇದ್ದರು. ಅದರ ಅಗತ್ಯ ಬೀಳಲಿಲ್ಲ.

ಅಪ್ಪನ ಜೊತೆ ಇನ್ನೂ ಎರಡು ಭೇಟಿ ಬಾಕಿ ಇವೆ. ಮನೆಯಲ್ಲಿ ಒಂಬತ್ತು ವರ್ಷದ ಕಿರಿಯವನಿಗೂ ಕಾರ್ಟ್ ಕೊಡಿಸುವ ಮಾತು ಶುರುವಾಗಿದೆ. ಕೊಡಿಸುವ ಮೊದಲು ಮೊದಲ ವರ್ಷ ಅಂಕಪಟ್ಟಿ ನೋಡುವಂತಿಲ್ಲ, ವಿಡಿಯೋ ತೆಗೆಯುವುದು ಕೋಚ್ ಮಾತ್ರ, ಆಕ್ಷೇಪಣೆ ಬರೆಯುವುದು ಮ್ಯಾನೇಜರ್ ಮಾತ್ರ ಎಂಬ ಮೂರು ಷರತ್ತನ್ನು ಅಪ್ಪನ ಕೈಬರಹದಲ್ಲೇ ಬರೆಸಬೇಕೆಂದಿದ್ದೇವೆ. ಎರಡಕ್ಕೆ ಒಪ್ಪಿದ್ದಾರೆ, ಅಂಕಪಟ್ಟಿಯದ್ದಕ್ಕೆ ಇನ್ನೂ ಒಪ್ಪಿಲ್ಲ.