ಹತ್ತು ನಿಮಿಷ ಓಡಿ ನಿಲ್ಲುವ ಟ್ರ್ಯಾಕ್ಟರ್: ಪಂಪ್ ಬಿಚ್ಚುವ ಮೊದಲು ಟ್ಯಾಂಕ್ ಮುಚ್ಚಳ ನೋಡಿ

ಪ್ರಶ್ನೆ: ನಮ್ಮದು 18 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಅಡಿಕೆ ತೋಟದಲ್ಲಿ ರೋಟವೇಟರ್ ಹೊಡೆಯುತ್ತೇವೆ. ಬೆಳಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಉಸಿರು ಕಟ್ಟಿದ ಹಾಗೆ ಆಗಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಮತ್ತೆ ಓಡುತ್ತದೆ. ಹೊಸ ಡೀಸೆಲ್ ಫಿಲ್ಟರ್ ಹಾಕಿಸಿದ್ದಾಯಿತು. ಈಗ ಎಂಜಿನ್‌ಗೆ ಡೀಸೆಲ್ ಒತ್ತಿ ಕಳಿಸುವ ಪಂಪ್ ಬಿಚ್ಚಬೇಕು ಅನ್ನುತ್ತಾರೆ ಮೆಕ್ಯಾನಿಕ್. ಬಿಚ್ಚಿಸಲೇ?
– ಒಬ್ಬ ಓದುಗರು, ತರೀಕೆರೆ

ಉತ್ತರ: ಈಗಲೇ ಬೇಡ. ಡೀಸೆಲ್ ಹರಿಯುವ ದಾರಿಯಲ್ಲೇ ಟ್ಯಾಂಕಿನಿಂದ ಹುಡುಕುತ್ತಾ ಬನ್ನಿ.

ಎಂಜಿನ್ ನಿಂತ ಕೂಡಲೇ ಟ್ಯಾಂಕ್ ಮುಚ್ಚಳ ತಿರುಗಿಸಿ. 'ಸುಯ್' ಅಂತ ಗಾಳಿ ಒಳಗೆ ಎಳೆದುಕೊಂಡು, ತಕ್ಷಣ ಸ್ಟಾರ್ಟ್ ಆದರೆ ಕಾರಣ ಸಿಕ್ಕಿತು. ಮುಚ್ಚಳದ ಸಣ್ಣ ಗಾಳಿ ತೂತು ಧೂಳಿನಿಂದ ಮುಚ್ಚಿದೆ. ಗಾಳಿ ಒಳಗೆ ಹೋಗದಿದ್ದರೆ ಡೀಸೆಲ್ ಕೆಳಗೆ ಇಳಿಯುವುದಾದರೂ ಹೇಗೆ? ಮುಚ್ಚಳವನ್ನು ಡೀಸೆಲ್‌ನಲ್ಲೇ ತೊಳೆದು, ತೂತಿಗೆ ಗಾಳಿ ಹೊಡೆಸಿ.

ಸದ್ದು ಬರಲಿಲ್ಲವಾ? ಫಿಲ್ಟರ್‌ಗೆ ಬರುವ ಪೈಪ್ ಕಳಚಿ ಗಾಜಿನ ಬಾಟಲಿಗೆ ಬಿಡಿ. ಮೊದಲು ಜೋರಾಗಿ ಬಂದ ಡೀಸೆಲ್ ಬರಬರುತ್ತಾ ದಾರದಷ್ಟು ಸಣ್ಣಗಾದರೆ, ಟ್ಯಾಂಕಿನಿಂದ ಡೀಸೆಲ್ ಹೊರಬರುವ ಬಾಯಿಗೆ ಕಸ ಅಡ್ಡ ಕೂರುತ್ತಿದೆ. ಕ್ಯಾನಿನ ಪ್ಲಾಸ್ಟಿಕ್ ಚೂರೋ, ಒಣಗಿದ ಎಲೆಯೋ ಇರಬಹುದು. ಎಂಜಿನ್ ನಿಂತಾಗ ಅದು ತೇಲಿ ಬಿಟ್ಟುಕೊಳ್ಳುತ್ತದೆ. ಅರ್ಧ ಗಂಟೆ ಬಿಟ್ಟರೆ ಸರಿಹೋಗುವುದು ಅದಕ್ಕೇ. ಹಾಗಿದ್ದರೆ ಟ್ಯಾಂಕ್ ಖಾಲಿ ಮಾಡಿ ತೊಳೆಯಲೇಬೇಕು.

ಆ ಬಾಟಲಿಯನ್ನು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಗ್ಗೆ ತಳದಲ್ಲಿ ನೀರು, ಅದರ ಮೇಲೆ ಕಪ್ಪು ಲೋಳೆ ಕಂಡರೆ ಹೊಸ ಫಿಲ್ಟರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನ ಒಳಗೆ ರಾತ್ರಿಯ ತಂಪಿಗೆ ಹನಿ ಕಟ್ಟುತ್ತದೆ. ಅದಕ್ಕೇ ಡೀಸೆಲ್ ಸಂಜೆಯೇ ತುಂಬಿಸಿ, ಜರಡಿ ಇರುವ ಆಲಿಕೆಯಲ್ಲಿ.

ಪೈಪ್ ಬಿಚ್ಚಿದ ಮೇಲೆ ಏರ್, ಅಂದರೆ ಒಳಗೆ ಸೇರಿದ ಗಾಳಿ, ತೆಗೆಯಲೇಬೇಕು. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈ ಪಂಪ್ ಇದ್ದರೆ ಒತ್ತಿ. ಮೊದಲು ನೊರೆ ಬರುತ್ತದೆ. ಗುಳ್ಳೆ ನಿಂತು ಬರೀ ಡೀಸೆಲ್ ಬರುವಾಗಲೇ ಬಿಗಿ ಮಾಡಿ. ಹಳೇ ವಾಷರ್ ಮತ್ತೆ ಹಾಕಬೇಡಿ, ಅಲ್ಲಿಂದಲೇ ಗಾಳಿ ನುಗ್ಗುವುದು ಜಾಸ್ತಿ. ಪಂಪಿನಿಂದ ಎಂಜಿನ್‌ಗೆ ಭಾರೀ ಒತ್ತಡದಲ್ಲಿ ಡೀಸೆಲ್ ಒಯ್ಯುವ ನಾಝಲ್ ಪೈಪ್ ಹತ್ತಿರ ಮಾತ್ರ ಕೈ ಒಡ್ಡಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮದ ಒಳಕ್ಕೇ ಹೋಗುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಸುಮ್ನೆ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಸರಿಯಿದ್ದೂ ಬಿಸಿಯಾದಾಗ ಮಾತ್ರ ಕಾಟ ಕೊಟ್ಟರೆ ಪಂಪ್ ಸವೆದಿರಬಹುದು. ಆಗಲೂ ತೋಟದ ಧೂಳಿನಲ್ಲಿ ಬಿಚ್ಚಿಸಬೇಡಿ. ಪಂಪ್ ಕ್ಯಾಲಿಬ್ರೇಷನ್ (ಡೀಸೆಲ್ ಅಳತೆ ಸರಿಹೊಂದಿಸುವ ಕೆಲಸ) ಮಾಡುವ ಅಂಗಡಿಗೇ ಕೊಡಿ.