ತಮಿಳುನಾಡಿನ ಡಿಎಂಕೆ ನಾಯಕ ಕರುಣಾನಿಧಿ ಒಮ್ಮೆಯೂ ವಿಧಾನಸಭಾ ಚುನಾವಣೆ ಸೋಲಲಿಲ್ಲ ಅನ್ನೋದು ನಿಜವೇ?

ಹೌದು, ನಿಜ. ಸ್ಪರ್ಧಿಸಿದ 13 ಸಲವೂ ಗೆದ್ದರು. ಮೊದಲ ಗೆಲುವು 1957ರಲ್ಲಿ ಕುಳಿತ್ತಲೈನಿಂದ, ಕೊನೆಯದು 2016ರಲ್ಲಿ ತಿರುವಾರೂರಿನಿಂದ. 1984ರಲ್ಲಿ ಮಾತ್ರ ಕಣಕ್ಕಿಳಿಯಲಿಲ್ಲ.

ಹಾಗಂತ ಅವರ ದಾರಿ ಸುಗಮವಾಗಿತ್ತು ಅಂದುಕೊಳ್ಳಬೇಡಿ. ಆಗಿನ ಮುಖ್ಯಮಂತ್ರಿ ಅಣ್ಣಾದುರೈ ತೀರಿಕೊಂಡ ಮೇಲೆ 1969ರಲ್ಲಿ ಮುಖ್ಯಮಂತ್ರಿಯಾದರು. ತುರ್ತು ಪರಿಸ್ಥಿತಿಯನ್ನು ವಿರೋಧಿಸಿದರು, 1976ರಲ್ಲಿ ಕೇಂದ್ರ ಅವರ ಸರ್ಕಾರವನ್ನು ವಜಾ ಮಾಡಿತು. ಆಮೇಲೆ ಎದುರಾಳಿ ಪಕ್ಷ ಎಐಎಡಿಎಂಕೆಯ ನಾಯಕ ಎಂಜಿಆರ್ ಬದುಕಿದ್ದಷ್ಟು ದಿನವೂ ಅಧಿಕಾರ ಕೈಗೆ ಸಿಗಲಿಲ್ಲ. 1989ರಲ್ಲಿ ಮರಳಿ ಬಂದರು, 1991ರಲ್ಲಿ ಮತ್ತೆ ವಜಾ. ಅದೇ ವರ್ಷ ರಾಜೀವ್ ಗಾಂಧಿ ಹತ್ಯೆಯ ನಂತರದ ಅಲೆಯಲ್ಲಿ ಡಿಎಂಕೆ ಕೊಚ್ಚಿಹೋಯಿತು. ಆಗಲೂ ಚೆನ್ನೈನ ಹಾರ್ಬರ್ ಕ್ಷೇತ್ರದಲ್ಲಿ ಇವರು ಗೆದ್ದರು, ಸಾವಿರಕ್ಕೂ ಕಡಿಮೆ ಮತಗಳಿಂದ! ಪಕ್ಷದ ಸೋಲಿನ ಹೊಣೆ ಹೊತ್ತು ಆ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು. 1996ರಲ್ಲಿ, 2006ರಲ್ಲಿ ಮತ್ತೆ ಮುಖ್ಯಮಂತ್ರಿ. 1971ರದ್ದೂ ಸೇರಿ ಒಟ್ಟು ಐದು ಸಲ.

ನನ್ನ ಪ್ರಕಾರ ಅವರ ದೊಡ್ಡ ಕೆಲಸ 1989ರ ಕಾನೂನು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಅದು ಹೇಳಿತು. ದೇಶಕ್ಕೆಲ್ಲ ಅಂಥ ತಿದ್ದುಪಡಿ ಬಂದದ್ದು 2005ರಲ್ಲಿ. 1999ರಲ್ಲಿ ಶುರುವಾದ ಉಳವರ್ ಸಂತೆಯೂ ಒಳ್ಳೇ ಯೋಚನೆಯೇ. ರೈತರು ದಲ್ಲಾಳಿಗಳಿಲ್ಲದೆ ನೇರವಾಗಿ ತರಕಾರಿ ಮಾರಬಹುದಿತ್ತು. ಆದರೆ ಪಕ್ಷದೊಳಗೆ ಕುಟುಂಬದ ಹಿಡಿತ ಜಾಸ್ತಿಯಾಗಲು ಬಿಟ್ಟರು, ಅದು ನನಗೆ ಸರಿ ಕಾಣುವುದಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ನೆನಪಿರುತ್ತೆ ಅಲ್ವಾ? ಹಲಸೂರು ಕೆರೆಯ ಬಳಿ ವರ್ಷಗಟ್ಟಲೆ ಮುಸುಕು ಹೊದ್ದು ನಿಂತಿದ್ದ ತಿರುವಳ್ಳುವರ್ ಪ್ರತಿಮೆಯನ್ನು 2009ರ ಆಗಸ್ಟ್‌ನಲ್ಲಿ ಅನಾವರಣ ಮಾಡಿದ್ದು ಇವರೇ, ಯಡಿಯೂರಪ್ಪನವರ ಜೊತೆ. ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆಯೂ ಎದ್ದು ನಿಂತಿತು.