ಪೆನ್ಸಿಲ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ಈ ವರ್ಷ ಇಂಟೀರಿಯರ್ ಡಿಸೈನ್ ಸ್ಟುಡಿಯೋದಲ್ಲಿ ಪಾಠ ಶುರು ಮಾಡಿದ್ದೇನೆ. ವಿದ್ಯಾರ್ಥಿಗಳ ನಕ್ಷೆ ತಿದ್ದಿಕೊಟ್ಟರೆ, ನಾನು ಗೀಚಿದ್ದನ್ನೇ ಮರುದಿನ ನೀಟಾಗಿ ಬರೆದು ತರುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಪೆನ್ಸಿಲ್ ಕೆಳಗಿಡಿ! ನಾನೂ ಶುರುವಿನಲ್ಲಿ ಇದನ್ನೇ ಮಾಡುತ್ತಿದ್ದೆ. ವರ್ಷದ ಕೊನೆಗೆ ಗೋಡೆ ಮೇಲಿದ್ದ ಹಾಳೆಗಳೆಲ್ಲ ನನ್ನವೇ ಅನ್ನಿಸಿ ನಾಚಿಕೆಯಾಯಿತು. ಗೀಚಲೇಬೇಕು ಅಂದ್ರೆ ಅವರ ನಕ್ಷೆ ಮೇಲೆ ಟ್ರೇಸಿಂಗ್ ಹಾಳೆ ಹಾಸಿ ಎರಡು ಮೂರು ದಾರಿ ತೋರಿಸಿ. ಆ ಹಾಳೆಯನ್ನು ನೀವೇ ಎತ್ತಿಕೊಂಡು ಹೋಗಿ. ಮುನಿಸಿಕೊಳ್ಳುತ್ತಾರೆ, ಪರವಾಗಿಲ್ಲ.

ಅಳತೆ ವಿಷಯದಲ್ಲಂತೂ ಬಾಯಿಮಾತು ಸಾಲದು. ಒಬ್ಬ ಹುಡುಗಿ ಊಟದ ಮೇಜಿನ ಅಂಚಿಗೂ ಗೋಡೆಗೂ ನಡುವೆ ಬರೀ 45 ಸೆಂಟಿಮೀಟರ್ ಬಿಟ್ಟಿದ್ದಳು. ಐವತ್ತು ಪಟ್ಟು ಚಿಕ್ಕದಾಗಿ ಬರೆಯುವ 1:50 ನಕ್ಷೆಯಲ್ಲಿ ಅದು 9 ಮಿಲಿಮೀಟರ್. ನೋಡೋಕೆ ಚೆನ್ನಾಗಿಯೇ ಇತ್ತು! ನಾನು ತಪ್ಪು ಅನ್ನಲಿಲ್ಲ. ಸ್ಟುಡಿಯೋ ನೆಲದ ಮೇಲೆ ಟೇಪ್ ಅಂಟಿಸಿ ಆ ಕೋಣೆಯನ್ನು ನಿಜವಾದ ಅಳತೆಯಲ್ಲೇ ಗುರುತು ಮಾಡಿಸಿದೆ. ಗೋಡೆ ಇರಬೇಕಾದ ಕಡೆ ಇಬ್ಬರನ್ನು ನಿಲ್ಲಿಸಿ, 'ಈಗ ಕುರ್ಚಿ ಎಳೆದು ಕೂತ್ಕೋ' ಅಂದೆ. ಕುರ್ಚಿ ಹೋಗಿ 'ಗೋಡೆ'ಯ ಮೊಣಕಾಲಿಗೆ ಬಡಿಯಿತು. ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು. ಸಂಜೆಯೊಳಗೆ ಅವಳೇ ಮೇಜು ಸರಿಸಿ 90 ಸೆಂಟಿಮೀಟರ್ ಬಿಟ್ಟಿದ್ದಳು.

ಕಂಪ್ಯೂಟರ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಡಿಸೈನ್ ಶಾಲೆಯಲ್ಲೂ ಹೊಸಬರು ಮೊದಲು ವಸ್ತುಗಳನ್ನು ಮುಟ್ಟಿ, ಮಡಿಸಿ, ಕತ್ತರಿಸಿಯೇ ಕಲಿಯುತ್ತಿದ್ದರು. ಕಂಪ್ಯೂಟರ್ ಬೇಡ ಅಂತಲ್ಲ, ಸ್ವಲ್ಪ ತಡವಾಗಿ ಬರಲಿ.

ಹಾಂ, ಜ್ಯೂರಿ ದಿನ, ಅಂದ್ರೆ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ಎಲ್ಲರ ಮುಂದಿಟ್ಟು ವಿಮರ್ಶೆ ಕೇಳುವ ದಿನ, ಮೊದಲು ಸಹಪಾಠಿಗಳು ಮಾತಾಡಲಿ. ನೀವು ಬಾಯಿಬಿಟ್ಟ ಮೇಲೆ ಯಾರೂ ಬಿಡೋದಿಲ್ಲ.